ತುಟಿಯ ಮೇಲೆ ಬೆರಳಿಟ್ಟ ಚಳಿಗಾಲ

ಹೋದ ಡಿಸೆಂಬರಿನಲ್ಲಿ ಕಂಪನಿಯ ಕೆಲಸಕ್ಕೆಂದು ಗುರುಗ್ರಾಮಕ್ಕೆ ಹೋಗಿದ್ದೆ. ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ರಸ್ತೆಗೆ ಬರುತ್ತಲೇ ಕೆಂಡದ ಮೇಲೆ ಗೆಣಸು ಸುಡುವ ವಾಸನೆ ಮೂಗಿಗೆ ಬಡಿಯಿತು. ಅಲ್ಲಿ ಚಳಿ ಶುರುವಾದರೆ ಸಾಕು, ಮೂಲೆಮೂಲೆಗೂ ತಳ್ಳುಗಾಡಿಗಳು ನಿಲ್ಲುತ್ತವೆ. ಸುಟ್ಟ ಗೆಣಸನ್ನು ಹೆಚ್ಚಿ, ನಿಂಬೆ ಹಿಂಡಿ, ಮಸಾಲೆ ಉದುರಿಸಿ ದೊನ್ನೆಯಲ್ಲಿ ಕೊಡುತ್ತಾರೆ. ಜೊತೆಗಿದ್ದ ಹುಡುಗಿ, "ತಿನ್ನೋಣ್ವಾ ಮ್ಯಾಮ್?" ಎಂದಳು. ನನಗೆ ಬಾಯಲ್ಲಿ ನೀರೂರಬೇಕಿತ್ತು. ಆದರೆ ಅಂಗೈ ಬೆವರಿತು. ಆ ವಾಸನೆ, ಅದರ ಹಿಂದಿನ ಮಂಜು, ಬೀದಿದೀಪದ ಹಳದಿ ಬೆಳಕು, ಎಲ್ಲ ಸೇರಿ ನನ್ನನ್ನು ನಮ್ಮ ತಂದೆ, ಅಬ್ಬಾ, ಬಂದಿದ್ದ ಆ ಚಳಿಗಾಲಕ್ಕೆ ಎಳೆದುಕೊಂಡು ಹೋದವು. ಏನೋ ನೆಪ ಹೇಳಿ ಬೇಗ ಬೇಗ ಹೋಟೆಲಿನ ಕಡೆ ನಡೆದೆ.

ಆ ವರ್ಷ ನಾನು ಗುರುಗ್ರಾಮದಲ್ಲಿ ಕೆಲಸಕ್ಕಿದ್ದೆ. ವಿಚಿತ್ರವಾದ ಕೆಲಸ. ಗ್ರಾಹಕರು ಕಂಪನಿಗಳಿಗೆ ಫೋನ್ ಮಾಡಿ ಆಡಿದ ಮಾತುಗಳ ರೆಕಾರ್ಡಿಂಗ್ ನಮ್ಮಲ್ಲಿಗೆ ಬರುತ್ತಿತ್ತು. ಮಾತಾಡಿದವರಿಗೆ ಸಿಟ್ಟು ಬಂದಿದೆಯೋ, ಬೇಸರವಾಗಿದೆಯೋ, ಸಮಾಧಾನದಲ್ಲಿದ್ದಾರೋ ಎಂದು ಯಂತ್ರವೊಂದು ಮೊದಲು ಹೇಳುತ್ತಿತ್ತು. ಅದು ಸರಿಯೇ ಎಂದು ಕಿವಿಗೊಟ್ಟು ಕೇಳಿ ತಿದ್ದುವವರು ನಾವು. ನನ್ನ ಪಾಲಿಗೆ ಕನ್ನಡ, ಹಿಂದಿ ಎರಡೂ ಇದ್ದವು. ನಮ್ಮ ಕಡೆಯ ರೈತನೊಬ್ಬ, "ಏನ್ರೀ ಸಾಹೇಬ್ರ, ಎಷ್ಟು ಸಲ ಹೇಳಬೇಕ್ರೀ ನಿಮಗ?" ಎಂದರೆ ಯಂತ್ರ ತಕ್ಷಣ ಕೆಂಪು ಗುರುತು ಹಾಕುತ್ತಿತ್ತು: ಸಿಟ್ಟು. ಅದು ಸಿಟ್ಟಲ್ಲ, ನಮ್ಮೂರಲ್ಲಿ ಚಹಾಕ್ಕೆ ಕರೆಯುವುದೂ ಇದೇ ದನಿಯಲ್ಲೇ ಎಂದು ನಾನು ಅಳಿಸುತ್ತಿದ್ದೆ. ದಿಲ್ಲಿಯ ಹೆಂಗಸೊಬ್ಬಳು ತಣ್ಣಗೆ, "ರಹನೇ ದೀಜಿಯೇ, ಆಪ್ ಸೇ ನಹೀಂ ಹೋಗಾ" ಅಂದಾಗ ಯಂತ್ರ ಹಸಿರು ತೋರಿಸುತ್ತಿತ್ತು. 'ಬಿಡಿ, ನಿಮ್ಮ ಕೈಲಾಗುವುದಲ್ಲ' ಎನ್ನುವ ಆ ಮಾತಿನಲ್ಲಿ ಎಷ್ಟು ವಿಷವಿದೆ ಎಂದು ಅದಕ್ಕೆ ತಿಳಿಯುತ್ತಿರಲಿಲ್ಲ.

ನಮ್ಮೂರು ಸಿಂದಗಿ. ಮನೆಯೊಳಗಿನ ಮಾತು ದಖನಿ ಉರ್ದು, ಹೊಸಿಲು ದಾಟಿದರೆ ಕನ್ನಡ. ಅಬ್ಬಾ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಊರಿಗೆಲ್ಲ ಅವರು ದಸ್ತಗೀರ ಮಾಸ್ತರ. ಷಟ್ಪದಿಯ ಲಯವನ್ನು ಮೇಜು ಬಡಿದು ಕಲಿಸುತ್ತಿದ್ದರು. ಮೈದಾನದಾಚೆಯ ಹಿಟ್ಟಿನ ಗಿರಣಿಗೂ ಅವರ ಗಂಟಲು ಕೇಳುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಅದೇ ಬಾಯಲ್ಲಿ ದಖನಿ. ಒಂದರಿಂದ ಇನ್ನೊಂದಕ್ಕೆ ಹೋಗುವುದು ನಮಗೆ ಹೊರಗಿನ ಬಟ್ಟೆ ತೆಗೆದು ಮನೆಯ ಬಟ್ಟೆ ಉಟ್ಟಷ್ಟು ಸಹಜವಾಗಿತ್ತು. ಅದರಲ್ಲಿ ಹೆದರುವಂಥದ್ದು ಏನಾದರೂ ಇದೆಯೆಂದು ನನಗೆ ಗೊತ್ತಾದದ್ದೇ ಗುರುಗ್ರಾಮಕ್ಕೆ ಬಂದ ಮೇಲೆ.

ಬಹುಮಹಡಿ ಕಟ್ಟಡಗಳ ನಡುವೆ ಸಿಕ್ಕಿಕೊಂಡು ಉಳಿದ ಒಂದು ಹಳೆಯ ಹಳ್ಳಿಯಲ್ಲಿ ನನ್ನ ಬಾಡಿಗೆ ಕೋಣೆ. ಮನೆಯೊಡತಿ ಹರಿಯಾಣದ ಮುದುಕಿ, ಆರಡಿ ಎತ್ತರ, ಕೈಯಲ್ಲಿ ಸದಾ ಎಮ್ಮೆ ಅಟ್ಟುವ ಬಡಿಗೆ. ಓಣಿಗೆ ಓಣಿಯೇ ಅವಳನ್ನು 'ತಾಈ' ಎನ್ನುತ್ತಿತ್ತು. ದೊಡ್ಡಮ್ಮ ಎಂದು ಅದರ ಅರ್ಥ. ಮೊದಲ ವಾರ ನಾನು ಕೆಲಸಕ್ಕೆ ಹೊರಟಾಗ ಅಂಗಳದಿಂದ ಗುಡುಗಿದಳು: "ರೀ ಛೋರೀ! ತೂ ಕಿತ ಜಾವೈ ಸೈ?" ನಮ್ಮ 'ರೀ' ಗೌರವಕ್ಕೆ. ಅವಳ 'ರೀ' ಎಂದರೆ 'ಏ, ಇವಳೇ'. ಅದರ ಮೇಲೆ 'ತೂ' ಎಂಬ ಏಕವಚನ. ಏನು ತಪ್ಪು ಮಾಡಿದೆನೋ ಎಂದು ಹೆದರಿ ಓಣಿಗೆ ಓಡಿದೆ. ಎಲ್ಲಿಗೆ ಹೊರಟೆ ಮಗಳೇ ಎಂದಷ್ಟೇ ಅವಳು ಕೇಳಿದ್ದು. ಇದು ಅರ್ಥವಾಗಲು ನನಗೆ ತಿಂಗಳೇ ಹಿಡಿಯಿತು. ದಿನವೆಲ್ಲ ಬೇರೆಯವರ ದನಿಯ ಸಿಟ್ಟು ಅಳೆಯುತ್ತಿದ್ದವಳು ಸಂಜೆ ಮನೆಗೆ ಬಂದು ಈ ಮುದುಕಿಯ ಕಣ್ಣು ತಪ್ಪಿಸಿ ಮೆಟ್ಟಿಲು ಹತ್ತುತ್ತಿದ್ದೆ.

ದೀಪಾವಳಿ ಮುಗಿದು ಆಕಾಶ ಬೂದಿಬಣ್ಣಕ್ಕೆ ತಿರುಗಿತು. ಗಂಟಲು ಉರಿಸುವ ಹೊಗೆ, ಅದರ ಮೇಲೆ ಮಂಜು. ಅದೇ ಹೊತ್ತಿಗೆ ಟಿವಿಯಲ್ಲಿ ದಿನವೂ ಕಿರುಚಾಟ: ಯಾರು ಇಲ್ಲಿಯವರು, ಯಾರು ಹೊರಗಿನವರು. ಒಂದು ದಿನ ಮೆಟ್ರೊದಲ್ಲಿ ಅಮ್ಮಿಯ ಫೋನ್ ಬಂದು ಎಂದಿನಂತೆ ದಖನಿಯಲ್ಲಿ ಮಾತಾಡುತ್ತಿದ್ದೆ. ಎದುರಿಗೆ ಕೂತಿದ್ದ ಇಬ್ಬರು ನನ್ನ ಒಂದೊಂದು ಮಾತನ್ನೂ ಅಣಕಿಸಿ ನಗತೊಡಗಿದರು. ನಗು ನಿಂತ ಮೇಲೆ ಒಬ್ಬ ಬಾಗಿ ಕೇಳಿದ, "ಕಹಾಂ ಸೇ ಹೋ?" ಎಲ್ಲಿಯವಳು ನೀನು? ಮಾತು ಸಾಮಾನ್ಯದ್ದೇ. ಆದರೆ ಆ ದನಿಯನ್ನು ಕಚೇರಿಯಲ್ಲಿ ಕೇಳಿದ್ದರೆ ನಾನು ಕೆಂಪು ಗುರುತು ಹಾಕುತ್ತಿದ್ದೆ. ಮುಂದಿನ ನಿಲ್ದಾಣ ನನ್ನದಲ್ಲ, ಆದರೂ ಇಳಿದುಬಿಟ್ಟೆ. ಇದನ್ನು ಕೇಳಿದ ಅಮ್ಮಿ ಅಂದೇ ಒಂದು ನೇಮ ಮಾಡಿದಳು. ಹೊರಗಿರುವಾಗ ಫೋನ್ ಬಂದರೆ ಎತ್ತಕೂಡದು. ಎತ್ತಲೇಬೇಕಾಗಿ ಬಂದರೆ ಕನ್ನಡದಲ್ಲಿ ಮಾತಾಡಬೇಕು. ಅದು ಅಲ್ಲಿ ಯಾರಿಗೂ ತಿಳಿಯುವುದಿಲ್ಲ.

ಅಬ್ಬಾ ಬಂದದ್ದು ಡಿಸೆಂಬರಿನಲ್ಲಿ. ಮಳೆಗಾಲದಿಂದಲೂ ಅವರ ದನಿ ಒಡೆದಿತ್ತು. ಸೀಮೆಸುಣ್ಣದ ದೂಳು, ವಯಸ್ಸು ಎಂದು ತಳ್ಳಿಹಾಕಿದ್ದರು. ವಿಜಯಪುರದ ಡಾಕ್ಟರು ಗಂಟಲಿಗೆ ನಳಿಕೆ ಇಳಿಸಿ ನೋಡಿ, ಧ್ವನಿತಂತುವಿನ ಮೇಲೆ ಗಂಟಿದೆ, ತೆಗೆದು ಪರೀಕ್ಷೆ ಮಾಡಿಸಬೇಕು ಎಂದರು. ಯಾವ ಪರೀಕ್ಷೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಕಂಪನಿಯ ವಿಮೆಯಲ್ಲಿ ತಂದೆತಾಯಿಯೂ ಸೇರಿದ್ದರಿಂದ ಇಲ್ಲಿಗೇ ಬನ್ನಿ ಎಂದೆ. ಅಬ್ಬಾರ ತಾಯಿ, ನಮ್ಮ ದಾದಿ, ಹಾಸಿಗೆ ಹಿಡಿದಿದ್ದರು, ಅಮ್ಮಿ ಬರುವಂತಿರಲಿಲ್ಲ. ಅಬ್ಬಾ ಒಬ್ಬರೇ ರೈಲು ಹತ್ತಿದರು.

ನಿಲ್ದಾಣದಲ್ಲಿ ಮಂಜಿನೊಳಗಿಂದ ಮಫ್ಲರ್ ಸುತ್ತಿಕೊಂಡು ನಡೆದು ಬಂದರು. ನನ್ನನ್ನು ನೋಡಿ, ಗರಗಸ ಎಳೆದಂಥ ದನಿಯಲ್ಲಿ, "ಯಾಕವ್ವಾ ನಸ್ರೀನ, ಭಾಳ ಸೊರಗೀಯಲ್ಲ" ಎಂದರು. ಅಬ್ಬಾ ನನ್ನನ್ನು 'ಅವ್ವಾ' ಎಂದದ್ದು ಅದೇ ಮೊದಲು. ಶಾಲೆಯ ಹುಡುಗಿಯರನ್ನು ಕರೆಯುವ ಹಾಗೆ ಕರೆದಿದ್ದರು. ಅಮ್ಮಿಯ ನೇಮ ಅವರಿಗೂ ತಲುಪಿತ್ತು. ಆಟೊದವನು ಹಿಂತಿರುಗಿ, ಇದು ಯಾವ ಭಾಷೆ, ಮದ್ರಾಸಿಯೇ ಎಂದು ಕೇಳಿದ. ಕನ್ನಡ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೆ? ತಿದ್ದಲು ಬಾಯಿ ತೆರೆದರು. ನಾನು ಅವರ ಕೈ ಅದುಮಿದೆ. ಬಾಯಿ ಮುಚ್ಚಿ ಹೊರಗಿನ ಮಂಜನ್ನು ನೋಡುತ್ತ ಕೂತರು.

ವಸಂತ್ ಕುಂಜ್ ಕಡೆಯ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಡಾಕ್ಟರ್ ವಯಸ್ಸಾದ ಹೆಂಗಸು, ಸರಳ ಹಿಂದಿಯಲ್ಲಿ ಬಿಡಿಸಿ ಹೇಳಿದರು: ಎರಡು ವಾರ ಒಂದು ಮಾತೂ ಕೂಡದು. ಪಿಸುಮಾತಂತೂ ಬೇಡವೇ ಬೇಡ, ಅದು ಗಂಟಲನ್ನು ಇನ್ನೂ ಹಿಂಡುತ್ತದೆ. ಹಸಿ ಗಾಯ, ಈಗ ಮಾತಾಡಿದರೆ ಕಲೆ ಕಟ್ಟುತ್ತದೆ, ದನಿ ಮತ್ತೆ ಮೊದಲಿನಂತಾಗುವುದಿಲ್ಲ. ಅಬ್ಬಾ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದರು. ತರಗತಿಯಲ್ಲಿ ಗದ್ದಲವೆದ್ದಾಗ ಮಾಡುತ್ತಿದ್ದ ಸನ್ನೆ. ಡಾಕ್ಟರ್ ನಕ್ಕು, "ಬಿಲ್ಕುಲ್, ಮಾಸ್ಟರ್‌ಜೀ" ಎಂದರು.

ಆಮೇಲಿನ ದಿನಗಳಲ್ಲಿ ಆ ಬೆರಳೇ ಅವರ ಬಾಯಿಯಾಯಿತು. ಯಾರಾದರೂ ಮಾತಾಡಿಸಿದರೆ ಬೆರಳನ್ನು ತುಟಿಗಿಟ್ಟು, ನಂತರ ಗಂಟಲನ್ನು ತೋರಿಸುತ್ತಿದ್ದರು. ನಾನು ಕಚೇರಿಯಿಂದ ಫೋನ್ ಮಾಡಿದರೆ ಎತ್ತಿ, ಉಗುರಿನಿಂದ ತಟ್ಟುತ್ತಿದ್ದರು: ಒಮ್ಮೆ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ಊಟ ಆಯ್ತಾ, ಟಕ್. ನೋವಿದೆಯಾ, ಟಕ್ ಟಕ್. ಪರೀಕ್ಷೆಯ ಫಲಿತಾಂಶದ ಬಗ್ಗೆ ನಾನೂ ಕೇಳಲಿಲ್ಲ, ಅವರೂ ಸನ್ನೆ ಮಾಡಲಿಲ್ಲ. ಕೆಲವೊಮ್ಮೆ ಗೋಡೆಗೊರಗಿ ಕೂತು ಮಂಡಿಯ ಮೇಲೆ ಬೆರಳಿನಿಂದ ಷಟ್ಪದಿಯ ಮಾತ್ರೆ ಎಣಿಸುತ್ತಿದ್ದರು. ಅವರು ಹೆದರಿದ್ದಾರೆಂದು ನನಗೆ ತಿಳಿಯುತ್ತಿದ್ದದ್ದು ಅದರಿಂದಲೇ.

ತಾಈಗೆ ಮಾತ್ರ ಅಬ್ಬಾರ ಮೌನ ಬಲು ಇಷ್ಟವಾಯಿತು. ಮಾತು ಬಾರದವನಿಗೆ ಕಿವಿಯೂ ಕೇಳದು ಎಂದು ಅವಳ ಲೆಕ್ಕ. ಬಿಸಿಲು ಬಂದಾಗಲೆಲ್ಲ ಅಂಗಳಕ್ಕೆ ಕರೆದು, ನೂಲಿನ ಮಂಚದ ಮೇಲೆ ಕೂರಿಸಿ, ತನ್ನ ಸತ್ತ ಗಂಡನ ಕಥೆಯನ್ನು ಓಣಿಯ ಕೊನೆಗೆ ಕೇಳುವಂತೆ ಹೇಳುತ್ತಿದ್ದಳು. ಎಲ್ಲರೂ 'ತಾಈ' ಎನ್ನುವುದನ್ನು ಕೇಳಿ ಅಬ್ಬಾ ಅದನ್ನು ನಮ್ಮ 'ತಾಯಿ' ಎಂದೇ ತಿಳಿದಿದ್ದರು. ಈ ಊರಿನವರು ಎಷ್ಟು ಒಳ್ಳೆಯವರು, ಮನೆಯೊಡತಿಯನ್ನು ತಾಯಿ ಅನ್ನುತ್ತಾರಲ್ಲ ಎಂದು ಒಂದು ಚೀಟಿಯಲ್ಲಿ ಬರೆದು ತೋರಿಸಿದರು. ನಾನು ತಿದ್ದಲಿಲ್ಲ.

ಆ ವಾರವೇ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಧ್ವನಿಸಂದೇಶವೊಂದು ಬಂತು. ಮಕ್ಕಳ ಕಳ್ಳರು ಊರೊಳಗೆ ಬಂದಿದ್ದಾರೆ, ಹೊರಗಿನವರು, ನಮ್ಮ ಮಾತು ಬರುವುದಿಲ್ಲ, ಮೂಕರಂತೆ ನಟಿಸುತ್ತಾರೆ, ಮಕ್ಕಳನ್ನು ಪುಸಲಾಯಿಸುತ್ತಾರೆ. ಹೇಳಿದವನ ದನಿಯಲ್ಲಿ ಸಿಟ್ಟಿರಲಿಲ್ಲ. ಹವಾಮಾನ ವರದಿ ಓದಿದ ಹಾಗಿತ್ತು. ನಾನು ಅದನ್ನು ಮತ್ತೆ ಮತ್ತೆ ಕೇಳಿದೆ. 'ಮೂಕರಂತೆ ನಟಿಸುತ್ತಾರೆ' ಎಂಬಲ್ಲಿಗೆ ಬಂದಾಗಲೆಲ್ಲ ಅಬ್ಬಾರ ಕಡೆ ತಿರುಗಿ ನೋಡುತ್ತಿದ್ದೆ. ಆಸ್ಪತ್ರೆಯ ಚೀಟಿಯನ್ನು ಅಬ್ಬಾರ ಕೋಟಿನ ಒಳಜೇಬಿನಲ್ಲಿಟ್ಟು, ಯಾರಾದರೂ ಕೇಳಿದರೆ ಇದನ್ನು ತೋರಿಸಿ ಎಂದೆ. ಅವರು ನನ್ನ ತಲೆ ಸವರಿದರು. ಓಣಿಯ ಕೊನೆಯಲ್ಲಿ ಒಂದು ಚಿಕ್ಕ ಪಾರ್ಕಿತ್ತು. ಮಧ್ಯಾಹ್ನ ಅಲ್ಲೊಂದು ಸುತ್ತು ಹಾಕಿ ಬರುವುದೊಂದೇ ಅವರಿಗಿದ್ದ ಬಿಡುವು. ಅದನ್ನೂ ಬೇಡ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಅವತ್ತು ಇಡೀ ದಿನ ಮಂಜು ಸರಿಯಲಿಲ್ಲ. ಕಚೇರಿಯಿಂದ ಬೇಗ ಬಿಟ್ಟರು. ಮೆಟ್ರೊ ನಿಲ್ದಾಣದ ಹೊರಗೆ, ಅಬ್ಬಾಗೆ ಇಷ್ಟವೆಂದು ಗೆಣಸಿನ ಗಾಡಿಯ ಮುಂದೆ ನಿಂತು ಫೋನ್ ಮಾಡಿದೆ. ಎತ್ತಿದರು. "ಗೆಣಸು ತರ್ಲೇನ್ರಿ?" ಎಂದೆ. ಟಕ್ ಎನ್ನಲಿಲ್ಲ. ಆ ಕಡೆ ಬಹಳ ಜನರ ದನಿ ಇತ್ತು. ಒಬ್ಬ ಗಂಡಸು, ಫೋನಿಗೆ ತೀರ ಹತ್ತಿರದಲ್ಲಿ: "ಬೋಲತಾ ಕ್ಯೂಂ ನಹೀಂ?" ಯಾಕೆ ಮಾತಾಡುವುದಿಲ್ಲ? ಹಿಂದೆ ಒಬ್ಬ ಹೆಂಗಸಿನ ಅಳು. ಮತ್ತೊಬ್ಬ: "ಫೋನ್ ಛೀನ್ ಇಸ್‌ಕಾ." ಇವನ ಫೋನ್ ಕಿತ್ತುಕೋ. ಆಮೇಲೆ ಏನೂ ಇಲ್ಲ.

ದನಿ ಕೇಳಿ ಅಳೆಯುವುದೇ ನನ್ನ ಕೆಲಸ. ಯಾವ ಸಿಟ್ಟು ಬರೀ ಬಾಯಿಮಾತಿನದು, ಯಾವುದು ಕೈಗೆ ಇಳಿಯಲಿದೆ ಎಂದು ನನಗೆ ಗೊತ್ತಾಗುತ್ತದೆ. ಅದು ಆಗಲೇ ಕೈಗೆ ಇಳಿದಿತ್ತು. ಗೆಣಸಿನ ಗಾಡಿಯನ್ನು ಅಲ್ಲೇ ಬಿಟ್ಟೆ. ಓಡಿದೆ. ಮಂಜಿನಲ್ಲಿ ಮುಂದಿನ ಹತ್ತು ಹೆಜ್ಜೆಯಷ್ಟೇ ಕಾಣುತ್ತಿತ್ತು. ಬೈಕೊಂದು ಮೈಮೇಲೆ ಬಂದಂತೆ ಬಂದು ಬಯ್ದು ಹೋಯಿತು. ನಾನು ದಾರಿಯುದ್ದಕ್ಕೂ ಹೇಳಬೇಕಾದ ಹಿಂದಿ ವಾಕ್ಯಗಳನ್ನು ಬಾಯೊಳಗೇ ಜೋಡಿಸುತ್ತ ಓಡುತ್ತಿದ್ದೆ. ಉಸಿರು ಸಿಗುತ್ತಿರಲಿಲ್ಲ, ವಾಕ್ಯ ಮಾತ್ರ ತಪ್ಪಿಲ್ಲದೆ ಇರಬೇಕು ಎಂದುಕೊಳ್ಳುತ್ತಿದ್ದೆ.

ಪಾರ್ಕಿನ ದೀಪದ ಕೆಳಗೆ ಹದಿನೈದಿಪ್ಪತ್ತು ಜನ. ನಡುವೆ ಅಬ್ಬಾ. ಮಫ್ಲರ್ ಕಿತ್ತು ನೆಲದಲ್ಲಿ ಬಿದ್ದಿತ್ತು. ಒಬ್ಬ ಅವರ ಕೊರಳಪಟ್ಟಿ ಹಿಡಿದಿದ್ದ. ಇನ್ನೊಬ್ಬ ಅವರ ಬಲಗೈಯನ್ನು ಹಿಂದಕ್ಕೆ ತಿರುಚಿದ್ದ. ಅವರು ಚೀಟಿ ತೆಗೆಯಲು ಜೇಬಿಗೆ ಕೈ ಹಾಕಿದಾಗಲೆಲ್ಲ ಚಾಕು ತೆಗೆಯುತ್ತಿದ್ದಾರೆಂದು ಹಿಡಿದುಕೊಂಡಿದ್ದರಂತೆ. ಕೆಂಪು ಸ್ವೆಟರಿನ ಪುಟ್ಟ ಹುಡುಗಿಯೊಬ್ಬಳನ್ನು ಎದೆಗವಚಿಕೊಂಡು ಅವಳ ತಾಯಿ ಅಳುತ್ತಿದ್ದಳು. ಒಬ್ಬ ಯುವಕ ಫೋನ್ ಎತ್ತಿ ಎಲ್ಲವನ್ನೂ ವಿಡಿಯೊ ಮಾಡುತ್ತಿದ್ದ.

"ಭಾಯಿಸಾಹಬ್, ಯೇ ಮೇರೆ ಫಾದರ್ ಹೈಂ" ಎಂದೆ. ಗಂಟಲಿನ ಆಪರೇಶನ್ ಆಗಿದೆ, ಮಾತಾಡುವಂತಿಲ್ಲ, ದಯವಿಟ್ಟು ಬಿಡಿ ಎಂದೆ. ಕಚೇರಿಯ ತರಬೇತಿಯಲ್ಲಿ ಕಲಿತ ನುಣುಪಾದ ಹಿಂದಿ. ಒಂದು ಅಕ್ಷರವೂ ತಪ್ಪಲಿಲ್ಲ. ಕೆಲಸ ಕೆಟ್ಟದ್ದೇ ಅದರಿಂದ. ಓದಿ ಒಪ್ಪಿಸಿದಂತೆ ಕೇಳಿತೋ ಏನೋ, ಎಲ್ಲರೂ ನನ್ನ ಕಡೆ ತಿರುಗಿದರು.

ಮಗುವಿನ ತಾಯಿ ಚೀರಿದಳು. ತಾನೇ ಕಣ್ಣಾರೆ ಕಂಡಿದ್ದಾಳೆ: ಈತ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ, ಮಗು ಏನೋ ಕೇಳಿತು, ಈತ ಬಾಯಿಯ ಮೇಲೆ ಬೆರಳಿಟ್ಟು 'ಶ್' ಎಂದ. "ಚುಪ್ ಕರಾ ರಹಾ ಥಾ ಮೇರೀ ಬಚ್ಚೀ ಕೋ!" ಮಗು ಕೂಗದಿರಲಿ ಎಂದು ಬಾಯಿ ಮುಚ್ಚಿಸುತ್ತಿದ್ದನಂತೆ.

ಅಷ್ಟು ದಿನದಿಂದ ಡಾಕ್ಟರಿಗೆ, ತಾಈಗೆ, ತರಕಾರಿ ಭಯ್ಯಾನಿಗೆ, ಎಲ್ಲರಿಗೂ 'ನಾನು ಮಾತಾಡುವಂತಿಲ್ಲ' ಎಂದು ಹೇಳಿದ್ದ ಬೆರಳು ಅದು. ಈ ತಾಯಿಗೆ ಅದು 'ನೀನು ಮಾತಾಡಬೇಡ' ಎಂದಿತ್ತು. ಅವಳ ಜಾಗದಲ್ಲಿ ನಾನಿದ್ದರೂ ಹಾಗೆಯೇ ಓದುತ್ತಿದ್ದೆನೇನೋ.

ವಿಡಿಯೊದವನು ಫೋನನ್ನು ನನ್ನ ಮುಖಕ್ಕೆ ಹಿಡಿದ. "ಫಾದರ್ ಹೈಂ? ಅಚ್ಛಾ. ನಾಮ್ ಕ್ಯಾ ಹೈ ಇನ್‌ಕಾ?"

ಹೆಸರು. ಎಷ್ಟು ಸಣ್ಣ ಪ್ರಶ್ನೆ. ಟಿವಿಯ ಕಿರುಚಾಟ, ಮೆಟ್ರೊದವನ ಬಾಗಿದ ಮುಖ, ಆ ತಣ್ಣನೆಯ ಧ್ವನಿಸಂದೇಶ, ಎಲ್ಲ ಒಟ್ಟಿಗೆ ನುಗ್ಗಿದವು. ಹೇಳಿದರೆ ಏನಾಗುತ್ತದೆ? ಹೇಳದಿದ್ದರೆ? "ದೇಖಾ?" ಎಂದ ಅವನು ಸುತ್ತಲಿನವರಿಗೆ. ಇಷ್ಟು ಶುದ್ಧ ಹಿಂದಿ ಬರುತ್ತದೆ, ಅಪ್ಪನ ಹೆಸರು ಬಾರದು. ಕೊರಳಪಟ್ಟಿ ಹಿಡಿದ ಕೈ ಇನ್ನಷ್ಟು ಬಿಗಿಯಿತು.

ಅಬ್ಬಾ ನನ್ನನ್ನೇ ನೋಡುತ್ತಿದ್ದರು. ನಾನು ಎರಡು ಕೈಯನ್ನೂ ಆಡಿಸಿ ಬೇಡ, ಬೇಡ ಎಂದೆ. ಅವರು ಬಾಯಿ ತೆರೆದರು. ಮೊದಲು ದನಿ ಹೊರಡಲಿಲ್ಲ, ಬರೀ ಗಾಳಿ. ಒಮ್ಮೆ ಉಗುಳು ನುಂಗಿ ಮತ್ತೆ ತೆರೆದರು.

"ಕೈಕು ರೇ?" ಎಂದರು. "ಬಚ್ಚೀ ಕೋ ಕೈಕು ಡರಾತೆಂ ತುಮೆ?" ಯಾಕ್ರೋ, ಹುಡುಗಿಯನ್ನು ಯಾಕೆ ಹೆದರಿಸುತ್ತೀರಿ? ತಗಡು ಹರಿದಂಥ ದನಿ. ಆದರೆ ರಾಗ ಮೇಷ್ಟ್ರದ್ದೇ, ಹಿಂದಿನ ಬೆಂಚಿನವರನ್ನು ಗದರುವಾಗಿನದು. "ಮೈಚ್ ಇಸ್‌ಕಾ ಬಾಪ್. ನಾಮ್ ಮೇರೇಕು ಪೂಛೋ. ದಸ್ತಗೀರ್. ದಸ್ತಗೀರ್ ಮಾಸ್ತರ್. ಬಚ್ಚೀ ಕೀ ಬೂಟ್ ಕೀ ಲಾಡಿ ಖುಲ್ ಗಯೀ ಥೀ. ಬಾಂದ್ಯಾ ಮೈ, ಬಸ್." ಇವಳ ಅಪ್ಪ ನಾನೇ, ಹೆಸರು ನನ್ನನ್ನು ಕೇಳಿ, ಹುಡುಗಿಯ ಬೂಟಿನ ಲಾಡಿ ಬಿಚ್ಚಿತ್ತು, ಕಟ್ಟಿದೆ, ಅಷ್ಟೇ.

ಹೆಸರು ಹೊರಗೆ ಬಂದು ಮಂಜಿನಲ್ಲಿ ನಿಂತಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

ಆಗ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. "ಕೈಕೂ!" ಎಂದರು. ಇನ್ನೊಬ್ಬ ಅದನ್ನೇ ಎಳೆದು ಹೇಳಿದ. "ಅರೇ, ಯೇ ತೋ ಹೈದರಾಬಾದಿ ಹೈ!" ಸಿನಿಮಾದ ಹಾಸ್ಯಗಾರರ ಬಾಯಲ್ಲಿ ಕೇಳಿದ್ದ ಮಾತು ತಮ್ಮ ಓಣಿಯ ಪಾರ್ಕಿನಲ್ಲೇ ಕೇಳಿಸಿತಲ್ಲ ಎಂದು ಅವರಿಗೆ ಮಜಾ ಬಂದಿತ್ತು. ನಗು ಒಬ್ಬರಿಂದೊಬ್ಬರಿಗೆ ಹರಡಿತು. ಕೈ ತಿರುಚಿದ್ದವನ ಹಿಡಿತ ಸಡಿಲವಾಯಿತು. ವಿಡಿಯೊದವನು, "ಚಚಾ, ಏಕ್ ಬಾರ್ ಫಿರ್ ಬೋಲೋ ನಾ, ಮೈಚ್ ಇಸ್‌ಕಾ ಬಾಪ್" ಎಂದ.

ಅಬ್ಬಾ ಅವನನ್ನು ನೋಡಿದರು. ಇನ್ನೂ ಕೊರಳಪಟ್ಟಿ ಬಿಡದ ಕೈಯನ್ನು ನೋಡಿದರು. ಮತ್ತೆ ಹೇಳಿದರು. ಗುಂಪಿನವರು ನಕ್ಕರು. ಮತ್ತೊಮ್ಮೆ ಎಂದರು. ಅಬ್ಬಾ ಮತ್ತೊಮ್ಮೆ ಹೇಳಿದರು. ಪ್ರತಿ ಸಲವೂ ದನಿ ಒಂದೊಂದು ಎಳೆ ಹರಿಯುತ್ತಿತ್ತು. ಆ ನಗು ನಮ್ಮ ಜೀವ ಉಳಿಸುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ಅದು ನಿಲ್ಲಲಿ ಎಂದು ಬೇಡುತ್ತಿದ್ದೆ, ನಿಂತರೆ ಏನು ಗತಿ ಎಂದೂ ನಡುಗುತ್ತಿದ್ದೆ.

ನಿಲ್ಲಿಸಿದ್ದು ತಾಈ. ಗದ್ದಲ ಕೇಳಿ ಬಡಿಗೆ ಹಿಡಿದು ಬಂದವಳು ಗುಂಪನ್ನು ಸೀಳಿಕೊಂಡು ಒಳನುಗ್ಗಿದಳು. "ಕೇ ತಮಾಸಾ ಲಾ ರಾಖ್ಯಾ ಸೈ?" ಏನಿದು ನಿಮ್ಮ ತಮಾಷೆ? ಒಬ್ಬೊಬ್ಬನನ್ನೂ ಹೆಸರು ಹಿಡಿದು, 'ತೂ' ಎಂದು, ಅವರವರ ಅಪ್ಪಂದಿರ ಹೆಸರು ಸೇರಿಸಿ ಬಯ್ದಳು. ಈ ಮಾಸ್ಟರ್ ನನ್ನ ಮನೆಯಲ್ಲಿರುವವನು, ಗಂಟಲು ಕುಯ್ಸಿಕೊಂಡು ಬಂದಿದ್ದಾನೆ, ಕೇಳುವುದಿದ್ದರೆ ನನ್ನನ್ನು ಕೇಳಿ ಎಂದಳು. ಕೊರಳಪಟ್ಟಿಯ ಕೈ ಕೆಳಗಿಳಿಯಿತು. ವಿಡಿಯೊದವನು ಫೋನನ್ನು ಜೇಬಿಗಿಟ್ಟ. ಆ ಹಾಳು ದನಿಗೆ ಯಂತ್ರ ಎಷ್ಟು ಕೆಂಪು ಗುರುತು ಹಾಕುತ್ತಿತ್ತೋ! ನಾನು ಅವಳ ಶಾಲಿನ ತುದಿ ಹಿಡಿದುಕೊಂಡು ಅಳುತ್ತಿದ್ದೆ. ಪುಟ್ಟ ಹುಡುಗಿ ಅಷ್ಟರಲ್ಲಿ ಕಾಲು ಮುಂದೆ ಚಾಚಿ ತಾಯಿಗೆ ಬೂಟು ತೋರಿಸಿದಳು. ತಾಯಿ ಅದನ್ನು ನೋಡಿ, ಅಬ್ಬಾರನ್ನು ನೋಡಿ, ಏನೂ ಅನ್ನದೆ ಮಗುವನ್ನೆತ್ತಿಕೊಂಡು ಹೊರಟುಹೋದಳು.

ಮನೆಯಲ್ಲಿ ಚಹಾ ಮಾಡಿಕೊಟ್ಟೆ. ಹೊರಗೆ ಅಷ್ಟು ಗಟ್ಟಿಯಾಗಿ ನಿಂತಿದ್ದ ಅಬ್ಬಾ ಒಳಗೆ ಬಂದ ಮೇಲೆ ಹಲ್ಲು ಕಟಕಟಿಸುವಂತೆ ನಡುಗಿದರು. ನಾನು ಎರಡು ಕಂಬಳಿ ಹೊದಿಸಿ ಪಕ್ಕದಲ್ಲಿ ಕೂತೆ. ನಾಳೆಯೇ ಇಲ್ಲಿಂದ ಹೋಗಿಬಿಡೋಣ, ಬೇರೆ ಕೋಣೆ ನೋಡೋಣ ಎಂದೆ. ಮಂಚದ ಕಟ್ಟಿಗೆಯ ಮೇಲೆ ಅವರ ಉಗುರು ಎರಡು ಸಲ ತಟ್ಟಿತು.

ಆಮೇಲಿನ ದಿನಗಳಲ್ಲಿ ಬಾಗಿಲ ಸದ್ದಾದರೆ ಸಾಕು, ನಾನು ಎದ್ದು ನಿಲ್ಲುತ್ತಿದ್ದೆ. ಆ ವಿಡಿಯೊ ಎಲ್ಲಿಗೆ ಹೋಗಿರಬಹುದೆಂದು ಫೋನನ್ನು ತಡಕುತ್ತಿದ್ದೆ, ಎಲ್ಲೂ ಕಾಣಲಿಲ್ಲ. ಕಚೇರಿಯಲ್ಲಿ ಯಾರದೋ ರೆಕಾರ್ಡಿಂಗಿನ ಹಿಂದೆ ಜನರ ನಗು ಕೇಳಿದರೂ ಹೆಡ್‌ಫೋನ್ ಕಿತ್ತಿಡುತ್ತಿದ್ದೆ. ತಾಈ ಮಾತ್ರ ದಿನವೂ ಮಧ್ಯಾಹ್ನ ಅಬ್ಬಾರನ್ನು ಕರೆದುಕೊಂಡು ಪಾರ್ಕಿಗೆ ಹೋಗಿ, ಬಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂರುತ್ತಿದ್ದಳಂತೆ.

ಎರಡು ವಾರ ಕಳೆದು ಆಸ್ಪತ್ರೆಗೆ ಹೋದೆವು. ಡಾಕ್ಟರ್ ಮೊದಲು ಫಲಿತಾಂಶ ಹೇಳಿದರು: ಕೆಟ್ಟ ಗಂಟಲ್ಲ. ಹೆದರುವಂಥದ್ದೇನಿಲ್ಲ. ನಾನು ಮೇಜಿನ ಅಂಚು ಹಿಡಿದುಕೊಂಡೆ. ಆಮೇಲೆ ಗಂಟಲೊಳಗೆ ನೋಡಿದರು, ಬಹಳ ಹೊತ್ತು ನೋಡಿದರು. ಮುಖದ ನಗು ಮಾಯವಾಯಿತು. "ಮಾಸ್ಟರ್‌ಜೀ, ಆಪ್ ಬೋಲೇ ಥೇ?" ಅಬ್ಬಾ ತಪ್ಪು ಮಾಡಿದ ಹುಡುಗನಂತೆ ತಲೆಯಾಡಿಸಿದರು. ಯಾರ ಜೊತೆ ಎಂದು ಕೇಳಿದರು ಡಾಕ್ಟರ್. ಅಬ್ಬಾ ನನ್ನ ಕಡೆ ಕೈ ತೋರಿಸಿದರು. ಗಾಯದ ಮೇಲೆ ಕಲೆ ಕಟ್ಟಿದೆ, ಮಾತು ಬರುತ್ತದೆ, ಆದರೆ ಹಳೆಯ ದನಿ ಬರುವುದಿಲ್ಲ ಎಂದರು ಡಾಕ್ಟರ್. ಮುಂದೆ ನಿವೃತ್ತರಾಗುವವರೆಗೂ ಅಬ್ಬಾ ಅದೇ ಒಡಕು ದನಿಯಲ್ಲಿ ಷಟ್ಪದಿ ಕಲಿಸಿದರು. ಗಿರಣಿಯವರಿಗೆ ಮಾತ್ರ ಕೇಳಿಸುತ್ತಿರಲಿಲ್ಲ.

ಅವತ್ತು ಸಂಜೆ ಅಬ್ಬಾ ನನ್ನ ಫೋನ್ ತೆಗೆದುಕೊಂಡು ತಾವೇ ಅಮ್ಮಿಗೆ ಕರೆ ಮಾಡಿದರು. ಒಳ್ಳೆಯ ಸುದ್ದಿಯನ್ನು ತಮ್ಮ ಬಾಯಿಂದಲೇ ಹೇಳಬೇಕೆಂದು ಅವರಿಗೆ ಆಸೆ. ಸ್ಪೀಕರ್ ಹಾಕಿದ್ದೆ. ಅಮ್ಮಿ ಎತ್ತಿದಳು. ಅಬ್ಬಾ "ಹಲೋ, ಸುನೋ" ಎಂದರು.

ಅಮ್ಮಿ ಕನ್ನಡದಲ್ಲಿ ಕೇಳಿದಳು, "ಯಾರ್ರೀ ಮಾತಾಡೂದು?"

ಮೂವತ್ತು ವರ್ಷ ಒಟ್ಟಿಗೆ ಬಾಳಿದವಳು ಹೊರಗಿನವರಿಗೆ ಆಡುವ ಮಾತಿನಲ್ಲಿ ಕೇಳಿದ್ದಳು. ಅಬ್ಬಾ ಫೋನನ್ನು ನೋಡುತ್ತ ನಿಂತುಬಿಟ್ಟರು. ಅಮ್ಮಿಯ ದನಿ ಏರಿತು. "ಇದು ನನ್ನ ಮಗಳ ನಂಬರ್ ಐತ್ರಿ. ಆಕಿ ಎಲ್ಲಿದ್ದಾಳ್ರಿ? ಆಕಿ ಕಡೆ ಫೋನ್ ಕೊಡ್ರಿ, ನಿಮಗ ಕೈ ಮುಗೀತೀನಿ. ಆಕಿಗೇನೂ ಮಾಡಬ್ಯಾಡ್ರಿ."

ನಾನು ಫೋನ್ ಕಸಿಯಲು ಕೈ ಚಾಚಿದೆ. ಅಬ್ಬಾ ತಡೆದರು. ಕಣ್ಣು ಮುಚ್ಚಿ ಗಂಟಲು ಸರಿಮಾಡಿಕೊಂಡರು.

"ಜುಲೇಖಾ" ಎಂದರು.

ಅಬ್ಬಾ ಅಮ್ಮಿಯನ್ನು ಹೆಸರಿನಿಂದ ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಕ್ಕಳ ಮುಂದೆ ಅವಳು ಯಾವಾಗಲೂ 'ನಸ್ರೀನ್ ಕೀ ಅಮ್ಮೀ'. ಆ ಕಡೆ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿತು. ಅಮ್ಮಿ ಮನೆಯ ಮಾತಿನಲ್ಲಿ, ಅಳುತ್ತ ಕೇಳಿದಳು, "ಆಪ್? ಆವಾಜ್ ಕು ಕ್ಯಾ ಹುವಾ ಜೀ?" ನಿಮ್ಮ ದನಿಗೇನಾಯಿತು?

ಅಬ್ಬಾ ನನ್ನ ಮುಖ ನೋಡಿದರು. "ಠಂಡೀ" ಎಂದರು. "ದಿಲ್ಲೀ ಕೀ ಠಂಡೀ."

ಅಮ್ಮಿ ನಂಬಿದಳು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದಳು, ಮಫ್ಲರ್ ಬಿಚ್ಚಬೇಡಿ ಎಂದಳು. ಇವತ್ತಿಗೂ ಅಬ್ಬಾ ಬಾಯಿ ತೆರೆದಾಗಲೆಲ್ಲ ಅವಳು ದಿಲ್ಲಿಯ ಚಳಿಯನ್ನು ಬಯ್ಯುತ್ತಾಳೆ. ನಾವಿಬ್ಬರೂ ಹೌದೆನ್ನುತ್ತೇವೆ.